ಬೀಳಲೇಬೇಕಾದ ಅಡ್ಡಕೋಲು: ಶಾಲಾ ಮೈದಾನಕ್ಕೆ ಮನೆಯಲ್ಲೇ ಕಟ್ಟುವ ಹರ್ಡಲ್ಸ್

ಮುರಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಎರಡು ಗುಪ್ಪೆಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಬಿದಿರಿನ ಕೋಲು, ಕೋಲು ಉರುಳದಿರಲೆಂದು ಎರಡೂ ತುದಿಗೆ ತೆಂಗಿನ ನಾರಿನ ಹಗ್ಗದ ಬಿಗಿಯಾದ ಗಂಟು. ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಹರ್ಡಲ್ಸ್ ಓಟ ಕಲಿಸಬೇಕೆಂದು ರಕ್ಷಕ-ಶಿಕ್ಷಕ ಸಂಘದ ನಾವು ಕೆಲವರು ಸೇರಿ ಸಿದ್ಧಪಡಿಸಿದ ಮೊದಲ ಸಾಧನ ಅದು. ಖರ್ಚು ಏನೂ ಇರಲಿಲ್ಲ, ಹೆಮ್ಮೆ ಬಹಳವಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ಓಡಿ ಬಂದು ಹಾರಿದಳು. ಆಕೆಯ ಕಾಲ್ಬೆರಳು ಕೋಲಿಗೆ ತಗುಲಿತು. ಕೋಲು ಅಲುಗಲಿಲ್ಲ, ಹುಡುಗಿ ಬಿದ್ದಳು. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು.

ಕೋಲು ತೀರಾ ಎತ್ತರದಲ್ಲಿತ್ತು ಎಂದು ಅಂದು ಎಲ್ಲರೂ ಹೇಳಿದರು. ಅಳೆದು ನೋಡಿದಾಗ ಅದು ಹುಡುಗಿಯ ಮೊಣಕಾಲಿಗಿಂತ ಕೆಳಗೇ ಇತ್ತು. ತಪ್ಪಿದ್ದುದು ಎತ್ತರದಲ್ಲಲ್ಲ, ಗಂಟಿನಲ್ಲಿ. ಆ ಗಂಟನ್ನು ಹಾಕಿದವರು ನಾವೇ. ಆ ಬಳಿಕ ನಾವು ಕೇಳಿ, ನೋಡಿ, ಮಾಡಿ ಕಲಿತುದನ್ನು ಗಡಿನಾಡಿನ ಇತರ ಕನ್ನಡ ಶಾಲೆಗಳ ಹೆತ್ತವರ ಮುಂದಿಡುವುದು ಈ ಬರಹದ ಉದ್ದೇಶ.

ನಾವೇ ಏಕೆ ಕಟ್ಟಬೇಕು?

ನಮ್ಮ ಅನೇಕ ಮಕ್ಕಳು ನಿಜವಾದ ಹರ್ಡಲ್ಸನ್ನು ಮೊದಲ ಬಾರಿಗೆ ಕಾಣುವುದು ಕ್ರೀಡಾಕೂಟದ ದಿನವೇ. ಓಡುವ ಶಕ್ತಿಯಿದ್ದರೂ ಅಡ್ಡಪಟ್ಟಿಯನ್ನು ಕಂಡೊಡನೆ ಹೆಜ್ಜೆ ತಡವರಿಸುತ್ತದೆ. ಇದು ಸಾಮರ್ಥ್ಯದ ಕೊರತೆಯಲ್ಲ, ಪರಿಚಯದ ಕೊರತೆ. ಈ ಓಟ ನಮ್ಮ ನೆರೆಹೊರೆಗೆ ಹೊಸದೂ ಅಲ್ಲ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನ ಚಿನ್ನ ಗೆದ್ದ ಎಂ. ಡಿ. ವಲ್ಸಮ್ಮ ಕಾಸರಗೋಡಿಗೆ ತಾಗಿರುವ ಕಣ್ಣೂರು ಜಿಲ್ಲೆಯವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಯ್ಯೋಳಿಯ ಪಿ. ಟಿ. ಉಷಾ ಇದೇ ಓಟವನ್ನು 55.42 ಸೆಕೆಂಡುಗಳಲ್ಲಿ ಮುಗಿಸಿ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚನ್ನು ಕಳೆದುಕೊಂಡರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಚಿನ್ನ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರದಾಯಿತು.

ಕುದುರೆಯ ಮೈದಾನದ ಪಾಠ

ನಮ್ಮ ತಪ್ಪನ್ನು ನಮಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಕುದುರೆ ಸವಾರಿಯ ಜಗತ್ತು. ಕುದುರೆಗಳನ್ನು ಹಾರಿಸುವ ಕ್ರೀಡೆಯಲ್ಲಿ ಬಳಸುವ ತಡೆಯ ರಚನೆ ಸರಳವಾದುದು: ಎರಡು ಬದಿಯಲ್ಲಿ ಎರಡು ಕಂಬಗಳು, ಕಂಬಗಳಲ್ಲಿ ಆಳವಿಲ್ಲದ ಎರಡು ಬಟ್ಟಲುಗಳು, ಬಟ್ಟಲುಗಳ ಮೇಲೆ ಸುಮ್ಮನೆ ಇಟ್ಟ ಒಂದು ದುಂಡನೆಯ ಮರದ ಕೋಲು. ಕುದುರೆಯ ಗೊರಸು ತಗುಲಿದರೆ ಕೋಲು ಉರುಳಿ ಬೀಳುತ್ತದೆ. ಸವಾರನಿಗೆ ನಾಲ್ಕು ದಂಡಾಂಕ ಬೀಳುತ್ತವೆ, ಆಟ ಮುಂದುವರಿಯುತ್ತದೆ. ಸಿದ್ಧ ತಡೆಗಳು ದುಬಾರಿಯಾದುದರಿಂದ ಅನೇಕ ದೇಶಗಳ ಸವಾರರು ಉಳಿಕೆ ಮರ, ಹಳೆಯ ಟೈರು, ಖಾಲಿ ಪೀಪಾಯಿಗಳಿಂದ ಮನೆಯಲ್ಲೇ ಇವನ್ನು ಮಾಡಿಕೊಳ್ಳುತ್ತಾರೆ. ಆದರೆ ಎಷ್ಟೇ ಅಗ್ಗದಲ್ಲಿ ಮಾಡಿದರೂ ಬಲ್ಲವರು ಒಂದು ನಿಯಮವನ್ನು ಮುರಿಯುವುದಿಲ್ಲ: ಕೋಲಿಗೆ ಮೊಳೆ ಹೊಡೆಯುವಂತಿಲ್ಲ, ಹಗ್ಗ ಬಿಗಿಯುವಂತಿಲ್ಲ. ಕೋಲನ್ನು ಹೊರದ ಖಾಲಿ ಬಟ್ಟಲನ್ನೂ ಅವರು ಕಂಬದಲ್ಲಿ ಉಳಿಸುವುದಿಲ್ಲ. ಬೀಳುವವರ ಮೈಗೆ ಅದು ಚುಚ್ಚಬಹುದು.

ಕದಲದ ತಡೆಯ ಅಪಾಯವನ್ನು ಅದೇ ಕ್ರೀಡೆಯ ಇನ್ನೊಂದು ವಿಭಾಗ ತೋರಿಸುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್ ಸ್ಪರ್ಧೆಯಲ್ಲಿ ಬಯಲೋಟವೂ ಒಂದು ಹಂತ. ಅಲ್ಲಿನ ತಡೆಗಳಲ್ಲಿ ಹೆಚ್ಚಿನವು ನೆಲಕ್ಕೆ ಭದ್ರಪಡಿಸಿದ ದಿಮ್ಮಿಗಳು. ಅಂಥ ದಿಮ್ಮಿಗೆ ಮುಂಗಾಲು ಸಿಕ್ಕರೆ ಕುದುರೆ ಪಲ್ಟಿ ಹೊಡೆದು ಸವಾರನ ಮೇಲೆಯೇ ಬೀಳಬಹುದು. ಆದುದರಿಂದಲೇ ಈಗ ಅಂಥ ಹಲವು ತಡೆಗಳಿಗೆ, ಇಂತಿಷ್ಟು ಬಲ ಬಿದ್ದೊಡನೆ ಮುರಿದು ಮರವನ್ನು ಕೆಳಗಿಳಿಸುವ ಕೀಲುಗಳನ್ನು ಅಳವಡಿಸುತ್ತಾರೆ. ತಡೆ ಸೋತರೆ ಸವಾರ ಉಳಿಯುತ್ತಾನೆ ಎಂಬುದು ಇದರ ಸಾರ.

ಮಕ್ಕಳ ಹರ್ಡಲ್ಸೂ ಇದೇ ಬಳ್ಳಿಯ ಕುಡಿ. ಕುರಿಗಳನ್ನು ಕೂಡಿಹಾಕಲು ಇಂಗ್ಲೆಂಡಿನ ರೈತರು ಹೆಣೆಯುತ್ತಿದ್ದ, ಎತ್ತಿ ಒಯ್ಯಬಲ್ಲ ಬೇಲಿಗೆ ಅಲ್ಲಿ ಹರ್ಡಲ್ ಎಂದು ಹೆಸರು. ನಮ್ಮ ತಡಿಕೆ, ತಟ್ಟಿಗಳ ಜಾತಿಯ ವಸ್ತು ಅದು. ಕುದುರೆಗಳ ಜಿಗಿತದೋಟವನ್ನು ಮನುಷ್ಯರು ಕಾಲ್ನಡೆಯಲ್ಲಿ ಅನುಕರಿಸಿದಾಗ ಆ ಬೇಲಿಯೂ ಹೆಸರೂ ಮೈದಾನಕ್ಕೆ ಬಂದವು. ಮೊದಮೊದಲು ಆ ತಡೆಗಳು ಭಾರವಾಗಿದ್ದವು. ಕೆಡವಿದರೆ ಅದು ಅಪರಾಧವೆನಿಸುತ್ತಿತ್ತು. 1932ರ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿನ ಬಾಬ್ ಟಿಸ್ಡಾಲ್ 400 ಮೀಟರ್ ಹರ್ಡಲ್ಸ್ ಗೆದ್ದರು. ಕೊನೆಯ ತಡೆ ಉರುಳಿತ್ತೆಂಬ ಕಾರಣಕ್ಕೆ ಅವರಿಗೆ ಚಿನ್ನ ಮಾತ್ರ ದೊರೆಯಿತು, ವಿಶ್ವದಾಖಲೆ ದೊರೆಯಲಿಲ್ಲ. 1935ರ ಸುಮಾರಿಗೆ, ತಗುಲಿದೊಡನೆ ಮುಂದಕ್ಕೆ ವಾಲಿ ಬೀಳುವ ಇಂದಿನ ಮಾದರಿ ಬಂದಿತು. ಇಂದು ಓಡುತ್ತ ಅಕಸ್ಮಾತ್ತಾಗಿ ತಡೆಯನ್ನು ಕೆಡವುವುದು ತಪ್ಪಲ್ಲ.

ಚಿಕ್ಕ ಮಕ್ಕಳಿಗೆ: ಬಕೆಟ್ಟಿನ ತಡೆ

ಬಣ್ಣದ ಎರಡು ಖಾಲಿ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಹಿಡಿ ತೆಗೆದು ಬೋರಲು ಹಾಕಿ, ಅವುಗಳ ಮೇಲೆ ಸುಮಾರು ಒಂದೂಕಾಲು ಮೀಟರ್ ಉದ್ದದ ಹಗುರವಾದ ಕೋಲೊಂದನ್ನು ಸುಮ್ಮನೆ ಇಡಬೇಕು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಇಷ್ಟೇ ಸಾಕು. ಬಕೆಟ್ಟು ಎತ್ತರವಾಯಿತೆನಿಸಿದರೆ ತೆಂಗಿನ ಸಿಪ್ಪೆಗಳ ಮೇಲೆ ಕೋಲನ್ನಿಡಬಹುದು. ಬಕೆಟ್ಟಿನೊಳಗೆ ಕಲ್ಲು ತುಂಬುವುದಾಗಲಿ ಕಾಂಕ್ರೀಟು ಸುರಿಯುವುದಾಗಲಿ ಕೂಡದು. ಕಾಲು ತಾಗಿದರೆ ಅದೂ ಉರುಳಬೇಕು.

ಅಡ್ಡಕೋಲಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲಿ ಅಡಿಕೆ ಮರ ಸೀಳಿದ ತೆಳುಪಟ್ಟಿ, ವಯನಾಡು, ನೀಲಗಿರಿ, ತಾಳವಾಡಿಯ ಕಡೆ ಸಪೂರ ಬಿದಿರು ಸಿಗುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಹೊಲಗಳಲ್ಲಿ ಒಣಗಿದ ಜೋಳದ ದಂಟು ಇದೆ. ಅದು ಹಗುರ, ತುಳಿದರೆ ತಾನೇ ಮುರಿಯುತ್ತದೆ. ಅಡಿಕೆ, ಬಿದಿರುಗಳ ಸಿಬಿರು ಚರ್ಮಕ್ಕೆ ಹೊಗುವುದರಿಂದ ಮರಳುಕಾಗದದಿಂದ ಉಜ್ಜಿ ಹಳೆಯ ಬಟ್ಟೆ ಸುತ್ತಬೇಕು. ನೀರಿನ ಪಿವಿಸಿ ಕೊಳವೆ ಅನುಕೂಲಕರವೆಂದು ತೋರಿದರೂ ಬಿಸಿಲಿನಲ್ಲಿ ಬಹುಕಾಲ ಬಿದ್ದರೆ ಪೆಡಸಾಗಿ, ಒಡೆದಾಗ ಅದರ ಅಂಚು ಚೂರಿಯಂತಿರುತ್ತದೆ. ಅದನ್ನೇ ಬಳಸುವುದಾದರೆ ಬಟ್ಟೆ ಸುತ್ತಿ, ನೆರಳಿನಲ್ಲಿಟ್ಟು, ಬಿರುಕು ಕಂಡೊಡನೆ ಎಸೆಯಬೇಕು.

ದೊಡ್ಡ ಮಕ್ಕಳಿಗೆ: ವಾಲುವ ತಡೆ

ಐದನೆಯ ತರಗತಿಯಿಂದ ಮೇಲಿನವರಿಗೆ ಸ್ಪರ್ಧೆಯ ಮಾದರಿಯನ್ನು ಹೋಲುವ ತಡೆ ಮಾಡಬಹುದು. 45 ಸೆಂಟಿಮೀಟರಿನ ಎರಡು ನಿಲುಪಟ್ಟಿಗಳು, 40 ಸೆಂಟಿಮೀಟರಿನ ಎರಡು ಪಾದಪಟ್ಟಿಗಳು, ಒಂದು ಮೀಟರಿನ ಒಂದು ಹಗುರವಾದ ಅಡ್ಡಪಟ್ಟಿ ಬೇಕು. ಪ್ರತಿ ನಿಲುಪಟ್ಟಿಯನ್ನು ಪಾದಪಟ್ಟಿಯ ಒಂದು ತುದಿಯಲ್ಲಿ, ಮೂಲೆಮಟ್ಟದಂತೆ ನೇರವಾಗಿ ಜೋಡಿಸಬೇಕು. ಎರಡು ನಿಲುಪಟ್ಟಿಗಳನ್ನು ಮೇಲೆ ಅಡ್ಡಪಟ್ಟಿ ಬೆಸೆಯುತ್ತದೆ. ಪಾದಗಳು ಅಗಲದಿರಲು ಕೆಳಗೆ ಅವುಗಳ ನಡುವೆಯೂ ಒಂದು ತೆಳುಪಟ್ಟಿ ಕಟ್ಟಬಹುದು. ಕೀಲುಗಳಲ್ಲಿ ಮೊಳೆಯ ಮೊನೆ ಹೊರಗೆ ಉಳಿಯಬಾರದು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಿದರೆ ಗಟ್ಟಿಯಾಗುತ್ತದೆ. ಇಲ್ಲಿ ಗಂಟು ಬಿಗಿಯಾಗಿದ್ದರೂ ತೊಂದರೆಯಿಲ್ಲ, ಏಕೆಂದರೆ ಇಡಿಯ ಚೌಕಟ್ಟೇ ವಾಲಿ ಬೀಳುತ್ತದೆ.

ಹಾಗೆ ಬೀಳಬೇಕಾದರೆ ಒಂದು ಮಾತು ತಪ್ಪದೆ ನೆನಪಿರಬೇಕು: ಪಾದಗಳು ಓಡಿ ಬರುವ ಮಗುವಿನ ಕಡೆಗೆ ಚಾಚಿರಬೇಕು. ಆಗ ಕಾಲು ತಗುಲಿದರೆ ತಡೆ ಮುಂದಕ್ಕೆ ಮಗುಚುತ್ತದೆ. ತಿರುಗಿಸಿಟ್ಟರೆ ಅದೇ ಪಾದಗಳು ಊರೆಗೋಲಿನಂತೆ ನಿಂತು ತಡೆಯನ್ನು ಬೀಳಗೊಡುವುದಿಲ್ಲ. ಆದುದರಿಂದ ಈ ತಡೆಯ ಮೇಲೆ ಹಿಂದುಮುಂದಾಗಿ ಓಡಲೇಕೂಡದು. ಓಡುವ ದಿಕ್ಕನ್ನು ಸುಣ್ಣದ ಬಾಣದಿಂದ ನೆಲದ ಮೇಲೆ ಗುರುತಿಸುವುದು ಲೇಸು.

ಗಾಳಿಗೆ ಬೀಳದಿರಲು ಪಾದದ ತುದಿಗೆ ಸ್ವಲ್ಪ ಭಾರ ಬೇಕು. ಇಲ್ಲಿ ಮಕ್ಕಳ ವಿಜ್ಞಾನದ ಪಾಠದ ಸನ್ನೆ ಕೆಲಸಕ್ಕೆ ಬರುತ್ತದೆ. ಅರ್ಧ ಲೀಟರಿನ ಬಾಟಲಿಯಲ್ಲಿ ನೀರು ತುಂಬಿದರೆ ಅದರ ಭಾರ ಸುಮಾರು ಅರ್ಧ ಕಿಲೊ. ಎರಡು ಪಾದಗಳ ತುದಿಗೆ ಒಂದೊಂದು ಕಟ್ಟಿದರೆ ಒಟ್ಟು ಒಂದು ಕಿಲೊ, ಕೀಲಿನಿಂದ 40 ಸೆಂಟಿಮೀಟರ್ ದೂರದಲ್ಲಿ. ಅಡ್ಡಪಟ್ಟಿ ಇರುವುದು 45 ಸೆಂಟಿಮೀಟರ್ ಎತ್ತರದಲ್ಲಿ. 40ನ್ನು 45ರಿಂದ ಭಾಗಿಸಿದರೆ ಸುಮಾರು 0.9. ಮರದ ಸ್ವಂತ ಭಾರವನ್ನು ಬಿಟ್ಟರೆ, ಒಂದು ಕಿಲೊಗಿಂತ ಕಡಿಮೆ ತೂಕದಷ್ಟು ಬಲ ತಡೆಯನ್ನು ಮಗುಚಲು ಸಾಕು. ಅಂತಾರಾಷ್ಟ್ರೀಯ ಸ್ಪರ್ಧೆಯ ತಡೆಗೆ ಕನಿಷ್ಠ 3.6 ಕಿಲೊ ಬಲ ಬೇಕು. ಅದು ಪಳಗಿದ ಓಟಗಾರರಿಗೆ, ಕಲಿಯುವವರಿಗಲ್ಲ. ಬಾಟಲಿಗಳನ್ನು ಪಾದದ ನಡುವಿಗೆ ಸರಿಸಿದರೆ ಬೇಕಾಗುವ ಬಲ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಬಾಟಲಿಯನ್ನು ಅವರೇ ಸರಿಸಿ ನೋಡಲಿ. ಪುಸ್ತಕದ ಕನ್ನಡ ಪದ ಕೈಗೆ ಸಿಗುವುದು ಹೀಗೆ.

ಇಡುವ ಕ್ರಮ

ಕೋಲಿಗೆ ಕಪ್ಪು-ಬಿಳುಪು ಪಟ್ಟೆ ಬಳಿದರೆ ದೂರದಿಂದಲೇ ಕಾಣುತ್ತದೆ. ಕುದುರೆಯ ತಡೆಯ ಮುಂದೆ ನೆಲದ ಮೇಲೊಂದು ಕೋಲನ್ನು ಮಲಗಿಸುವುದುಂಟು. ಎಲ್ಲಿಂದ ಜಿಗಿಯಬೇಕೆಂದು ಅಂದಾಜಿಸಲು ಕುದುರೆಗೆ ಅದು ನೆರವಾಗುತ್ತದೆ. ನಮ್ಮ ಮಕ್ಕಳಿಗೆ ಅದರ ಬದಲು ಸುಣ್ಣದ ಗೆರೆ ಸಾಕು.

ಮೊದಲ ದಿನ ಕೋಲುಗಳನ್ನು ನೆಲದ ಮೇಲೆಯೇ ಇಟ್ಟು ಓಡಿಸಬೇಕು. ಒಂದು ಸಾಲಿನಲ್ಲಿ 5 ಮೀಟರ್, ಪಕ್ಕದ ಸಾಲಿನಲ್ಲಿ 5.5, ಮತ್ತೊಂದರಲ್ಲಿ 6 ಮೀಟರ್ ಅಂತರವಿಟ್ಟರೆ ತನ್ನ ಹೆಜ್ಜೆಗೆ ಒಪ್ಪುವ ಸಾಲನ್ನು ಮಗುವೇ ಆರಿಸಿಕೊಳ್ಳುತ್ತದೆ. ಬಳಿಕ ಒಂದೇ ತಡೆ, ಅನಂತರ ಎರಡು, ಮೂರು. ಕಲಿಕೆಯ ಹಂತದಲ್ಲಿ ಎತ್ತರ ಮಗುವಿನ ಮೊಣಕಾಲನ್ನು ಮೀರದಿರಲಿ.

ನೆಲವನ್ನೂ ನೋಡಬೇಕು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಮುರಕಲ್ಲಿನ ನೆಲ ಜಾರುತ್ತದೆ. ಬೇಸಗೆಯಲ್ಲಿ ಎರೆಮಣ್ಣಿನ ಬಿರುಕಿಗೆ ಕಾಲು ಸಿಕ್ಕುತ್ತದೆ. ಸಿಮೆಂಟಿನ ಅಂಗಳ ಯಾವ ಕಾಲಕ್ಕೂ ಸಲ್ಲದು. ತಡೆಯ ಆಚೆಗೆ ಮಗು ಇಳಿಯುವ ಜಾಗದಲ್ಲಿ ಒಂದು ಕಲ್ಲೂ ಇರಬಾರದು.

ಒಂದು ಬೆರಳಿನ ಪರೀಕ್ಷೆ

ಪ್ರತಿದಿನ ಅಭ್ಯಾಸಕ್ಕೆ ಮುನ್ನ ಹಿರಿಯರೊಬ್ಬರು ಪ್ರತಿಯೊಂದು ತಡೆಯ ನಡುಭಾಗವನ್ನು, ಮಗು ಓಡಿ ಬರುವ ದಿಕ್ಕಿನಿಂದ, ಒಂದೇ ಬೆರಳಿನಲ್ಲಿ ತಳ್ಳಿ ನೋಡಬೇಕು. ಬಿದ್ದರೆ ಎತ್ತಿಟ್ಟು ಓಟ ಆರಂಭಿಸಬಹುದು. ಬೀಳದಿದ್ದರೆ ಅದು ಅಂದು ಮೈದಾನದಲ್ಲಿರಬಾರದು. ನಾವು ಆ ದಿನ ಇಷ್ಟನ್ನು ಮಾಡಿದ್ದರೆ ಹುಡುಗಿಯ ಕೈ ಉಳಿಯುತ್ತಿತ್ತು.

ಮಣಿಕಟ್ಟು ವಾಸಿಯಾದ ಮೇಲೆ ಆಕೆ ಮರಳಿ ಮೈದಾನಕ್ಕೆ ಬಂದಳು. ಹೊಸ ತಡೆಯ ಮುಂದೆ ಬಹಳ ಹೊತ್ತು ನಿಂತಳು. ನಾವು ಹಾರು ಎನ್ನಲಿಲ್ಲ. ಮೊದಲು ಕೆಡವಿ ನೋಡು ಎಂದೆವು. ಬೆರಳಿನಿಂದ ತಳ್ಳಿದಳು, ಕೋಲು ಬಿತ್ತು. ಎತ್ತಿಟ್ಟು ಮತ್ತೊಮ್ಮೆ ಕೆಡವಿದಳು. ಮೂರನೆಯ ಬಾರಿ ಅದನ್ನು ತಾನೇ ಎತ್ತಿಟ್ಟು, ಹಿಂದೆ ಸರಿದು, ಓಡಿ ಬಂದಳು.