ಗಣಕಯಂತ್ರವೂ ಗುರುವೂ

ಗಣಕಯಂತ್ರವು ಉಪಾಧ್ಯಾಯರ ಸ್ಥಾನವನ್ನು ಆಕ್ರಮಿಸೀತೆ? ಈ ಪ್ರಶ್ನೆಗೆ ನಮ್ಮ ನಾಡು ೨೦೨೦ರಲ್ಲಿಯೇ ಅನುಭವದಿಂದ ಉತ್ತರ ಕಂಡಿತು. ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಜಯನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ ಪಾಠವು ತೆರೆಯ ಮೇಲೆ ಸಾಗಿತು. ಫೋನಿಲ್ಲದ ಮಕ್ಕಳಿಗೆ ಅದೂ ಇಲ್ಲವಾಯಿತು. ಆಗ ಸರ್ಕಾರದ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರೇ ಮಕ್ಕಳಿದ್ದೆಡೆಗೆ ನಡೆದು, ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕು ತಗುಲಿದ ವರದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪ್ರಾಣಭಯದ ನಡುವೆಯೂ ಅವರು ಹೋಗಿದ್ದರೆಂಬುದನ್ನು ನಾವು ಮರೆಯಲಾಗದು.

ಬೇಸರವಿಲ್ಲದೆ ನೂರು ಬಾರಿ ಹೇಳುವ ಗುಣ ಯಂತ್ರಕ್ಕುಂಟು. ಅದನ್ನು ಧಾರಾಳವಾಗಿ ಬಳಸಿಕೊಳ್ಳೋಣ. ಆದರೆ ಇಂದು ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂದು ಮನೆಬಾಗಿಲಿಗೆ ಹೋಗಿ ವಿಚಾರಿಸಲು ಉಪಾಧ್ಯಾಯರೇ ಬೇಕು. ಅವರ ಹುದ್ದೆಯನ್ನು ಖಾಲಿಯಿರಿಸಿ ಯಂತ್ರ ಕೊಳ್ಳುವುದು ಮಾತ್ರ ಸಲ್ಲದು.