ಖಾಲಿ ಸೈಟು ಮಾರಿದಾಗ ಕಟ್ಟಬೇಕಾದ ತೆರಿಗೆ

ಹೊಸಪೇಟೆ, ಸಂಡೂರು, ಕಂಪ್ಲಿಗಳ ಬಡಾವಣೆಯಲ್ಲಿ ಖಾಲಿ ಸೈಟು ಮಾರಿದಾಗ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಸೈಟು 24 ತಿಂಗಳಿಗಿಂತ ಹೆಚ್ಚು ಕೈಯಲ್ಲಿದ್ದರೆ ಅದು ದೀರ್ಘಾವಧಿ ಲಾಭ. ಇಲ್ಲದಿದ್ದರೆ ಲಾಭ ಆ ವರ್ಷದ ಆದಾಯಕ್ಕೆ ಸೇರಿ ಸ್ಲ್ಯಾಬ್ ದರ ಅನ್ವಯಿಸುತ್ತದೆ. ತಂದೆಯಿಂದ ಬಂದ ಸೈಟಾದರೆ ತಂದೆಯ ಕಾಲವೂ ಲೆಕ್ಕಕ್ಕೆ ಬರುತ್ತದೆ.

ದೀರ್ಘಾವಧಿ ಲಾಭದ ದರ ಈಗ ಶೇ. 12.5. 2024ರ ಜುಲೈ 23ಕ್ಕೂ ಮೊದಲು ಕೊಂಡದ್ದಾದರೆ, ಬೆಲೆಯೇರಿಕೆ ಹೊಂದಿಸಿ ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ, ಕಡಿಮೆ ಬರುವುದನ್ನು ಕಟ್ಟಬಹುದು. 2012ರ ಜೂನ್‌ನಲ್ಲಿ 6 ಲಕ್ಷಕ್ಕೆ ಕೊಂಡು 2025ರ ಮೇನಲ್ಲಿ 30 ಲಕ್ಷಕ್ಕೆ ಮಾರಿದರೆ ಹೊಸ ದರದಲ್ಲಿ ತೆರಿಗೆ 3 ಲಕ್ಷ. ಹಳೆಯದರಲ್ಲಿ ಸೂಚ್ಯಂಕ 200ರಿಂದ 376ಕ್ಕೆ ಏರಿರುವುದರಿಂದ ಕೊಂಡ ಬೆಲೆ 11.28 ಲಕ್ಷವಾಗುತ್ತದೆ, ತೆರಿಗೆ ಸುಮಾರು 3.74 ಲಕ್ಷ. ಇಲ್ಲಿ ಹೊಸ ದರವೇ ಹಗುರ. ಇದರ ಮೇಲೆ ಶೇ. 4 ಸೆಸ್.

ಪತ್ರದಲ್ಲಿ ಬೆಲೆ ಕಡಿಮೆ ತೋರಿಸುವ ಚಾಳಿ ಇನ್ನೂ ಹೋಗಿಲ್ಲ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಪತ್ರದ ಮೊತ್ತಕ್ಕಿಂತ ಶೇ. 10ಕ್ಕೂ ಹೆಚ್ಚಿದ್ದರೆ, ಅದನ್ನೇ ಮಾರಾಟ ಬೆಲೆಯೆಂದು ತೆಗೆದುಕೊಳ್ಳಲಾಗುತ್ತದೆ. 50 ಲಕ್ಷ ಅಥವಾ ಹೆಚ್ಚಿನ ವ್ಯವಹಾರದಲ್ಲಿ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿಯಬೇಕು. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡದ ಭಯವಿದೆ.

ದೀರ್ಘಾವಧಿ ಲಾಭಕ್ಕೆ ವಿನಾಯಿತಿಯೂ ಉಂಟು. ಬಂದ ಹಣದಲ್ಲಿ ಎರಡು ವರ್ಷದೊಳಗೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ, ಹಾಕಿದ ಹಣದ ಪ್ರಮಾಣಕ್ಕೆ ತಕ್ಕಂತೆ ತೆರಿಗೆ ತಪ್ಪುತ್ತದೆ. ಆದರೆ ಮಾರುವಾಗ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಆರು ತಿಂಗಳೊಳಗೆ ಆರ್‌ಇಸಿಯಂಥ ಸಂಸ್ಥೆಗಳ ನಿಗದಿತ ಬಾಂಡಿನಲ್ಲಿ 50 ಲಕ್ಷದವರೆಗೆ ತೊಡಗಿಸುವುದು ಇನ್ನೊಂದು ದಾರಿ. ಆ ಹಣ ಐದು ವರ್ಷ ಕೈಗೆ ಸಿಗದು.