ಬಲಶಾಲಿ ಕಾರಿನ ಸಸ್ಪೆನ್ಷನ್: ಬದಲಿಸುವ ಮುನ್ನ ತಿಳಿಯಬೇಕಾದುದು

ಸಾಧಾರಣ ಗಾತ್ರದ ಕಾರಿಗೆ ಭಾರಿ ಇಂಜಿನ್ ಜೋಡಿಸಿ ಮಾರುವ ಪದ್ಧತಿ ಅಮೆರಿಕದಲ್ಲಿ 1960ರ ದಶಕದಲ್ಲಿ ಬಲವಾಗಿ ಬೆಳೆಯಿತು. ಅಂಥ ವಾಹನಗಳಿಗೆ ‘ಮಸಲ್ ಕಾರ್’ ಎಂಬ ಹೆಸರು ನಿಂತಿತು. 1964ರಲ್ಲಿ ಹುಟ್ಟಿದ ಫೋರ್ಡ್ ಮಸ್ಟಾಂಗ್ ಆ ಬಳಗದಲ್ಲಿ ಜಗತ್ಪ್ರಸಿದ್ಧವಾದುದು. ಅದು ಭಾರತಕ್ಕೆ ಅಧಿಕೃತವಾಗಿ ಬಂದುದು 2016ರಲ್ಲಿ. ನಾಶಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ನಮ್ಮ ಕನ್ನಡ ಮನೆಗಳ ಮುಂದೆ ಮಸ್ಟಾಂಗ್ ನಿಂತುದನ್ನು ನಾವು ಕಂಡಿಲ್ಲ. ಆದರೆ ಅದರ ದೂರದ ನಂಟನೆನ್ನಬಹುದಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅನ್ನು ಕಂಡಿದ್ದೇವೆ. ನಮ್ಮೂರಿನ ಹೊರವಲಯದ ಶೇಂದ್ರಾ ಕಾರ್ಖಾನೆಯಲ್ಲಿ 2001ರಲ್ಲಿ ಆಕ್ಟೇವಿಯಾ ಜೋಡಣೆ ಆರಂಭವಾಯಿತು. 2017ರಲ್ಲಿ ಬಂದ ಆರ್‌ಎಸ್ ಮಾದರಿಗೆ 230 ಅಶ್ವಶಕ್ತಿ ಇತ್ತು. ಬಲ್ಲವರು ಇದನ್ನು ಮಸಲ್ ಕಾರ್ ಎಂದು ಒಪ್ಪಲಾರರು. ನಮ್ಮ ನಗರಗಳ ಮಟ್ಟಿಗೆ ಅಷ್ಟು ಸಾಕು.

ಇಂಥ ಕಾರನ್ನು ಎರಡನೆಯ ಕೈಯಿಂದ ಕೊಂಡ ಯುವಕರಿಗೆ ಮೊದಲು ಹುಟ್ಟುವ ಬಯಕೆ ಅದನ್ನು ಇನ್ನಷ್ಟು ತಗ್ಗಿಸಿ, ಸ್ಪ್ರಿಂಗ್ ಬಿಗಿ ಮಾಡಿಸುವುದು. ನಮ್ಮ ಪರಿಚಯದ ಮನೆಯೊಂದರಲ್ಲಿ ಇದೇ ವಿಷಯವಾಗಿ ತಂದೆ ಮಗನ ನಡುವೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಮಗನ ಕಣ್ಣು ಘಾಟಿನ ತಿರುವುಗಳ ಮೇಲೆ. ತಂದೆಯ ಚಿಂತೆ, ಬೆನ್ನುನೋವಿನ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವಿಜಯಪುರಕ್ಕೆ ಹೋಗಿಬರುವುದು. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಬೀಡ, ತುಳಜಾಪುರ, ಸೊಲ್ಲಾಪುರಗಳನ್ನು ಹಾದು ಸುಮಾರು 400 ಕಿಲೋಮೀಟರಿನ ಪ್ರಯಾಣ ಅದು. ಇಬ್ಬರ ಮಾತೂ ನ್ಯಾಯವಾದುದೇ. ಕಲಾ ಪದವೀಧರರಾದ ನಮಗೆ ಯಂತ್ರವಿದ್ಯೆ ಕರಗತವಲ್ಲ. ಆದರೂ ಓದಿ, ಮೆಕ್ಯಾನಿಕ್‌ಗಳನ್ನು ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡರ ಕೆಲಸವೂ ಬೇರೆ ಬೇರೆ. ಯಾವುದೇ ಬ್ಯಾಂಕಿನ ಶಾಖೆಯ ಗಾಜಿನ ಬಾಗಿಲ ಮೇಲಿರುವ ಡೋರ್ ಕ್ಲೋಸರನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅದರೊಳಗಿನ ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ. ಸಣ್ಣ ರಂಧ್ರದಿಂದ ನುಸುಳಿ ಹೋಗುವ ಎಣ್ಣೆ ಆ ಎಳೆತವನ್ನು ನಿಧಾನಗೊಳಿಸುತ್ತದೆ. ಕಾರಿನಲ್ಲಿ ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದಂತೆ ತಡೆದು, ಆ ಚಲನೆಯನ್ನು ಎಣ್ಣೆಯ ಬಿಸಿಯಾಗಿ ಕಳೆಯುವುದು ಶಾಕ್ ಅಬ್ಸಾರ್ಬರ್. ಬಾಗಿಲಿಗೆ ಬಲವಾದ ಸ್ಪ್ರಿಂಗ್ ಹಾಕಿ ಎಣ್ಣೆಯ ತಡೆಯನ್ನು ಮೊದಲಿನಂತೆಯೇ ಬಿಟ್ಟರೆ ಅದು ಧಡಾರನೆ ಬಡಿಯುತ್ತದೆ. ತಗ್ಗಿನ ಬಿಗಿ ಸ್ಪ್ರಿಂಗ್ ಮಾತ್ರ ತಂದು ಹಳೆಯ ಶಾಕ್ ಅಬ್ಸಾರ್ಬರ್ ಮೇಲೆ ಕೂರಿಸಿದಾಗ ಆಗುವುದೂ ಅದೇ: ಗುಂಡಿ ದಾಟಿದ ಮೇಲೂ ಕಾರು ಕುಪ್ಪಳಿಸುತ್ತಲೇ ಇರುತ್ತದೆ, ಟಯರಿನ ಹಿಡಿತ ತಪ್ಪುತ್ತದೆ. ಓಟಕ್ಕೆಂದು ಮಾಡಿದ ಖರ್ಚು ಓಟವನ್ನೇ ಕೆಡಿಸಿದಂತಾಯಿತು.

ಅಂದಹಾಗೆ, ಶಾಕ್ ಅಬ್ಸಾರ್ಬರ್ ನಮ್ಮ ಎರಡೂ ಊರುಗಳಲ್ಲಿ ಅನೇಕ ಮನೆಗಳ ಅನ್ನದ ದಾರಿ. ಇಲ್ಲಿ ವಾಳೂಜಿನ ಎಂಡ್ಯೂರೆನ್ಸ್, ನಾಶಿಕದಲ್ಲಿ ಗೇಬ್ರಿಯಲ್ ಇವನ್ನು ದ್ವಿಚಕ್ರ ವಾಹನಗಳಿಗಾಗಿ ತಯಾರಿಸುತ್ತವೆ. ಅಲ್ಲಿ ದುಡಿಯುವ ಬಂಧುಗಳು ಈ ಲೇಖನಕ್ಕಿಂತ ಚೆನ್ನಾಗಿ ವಿವರಿಸಬಲ್ಲರು.

ತಗ್ಗಿಸುವುದರಲ್ಲಿ ಇನ್ನೊಂದು ತೊಡಕಿದೆ. ಕಾರನ್ನು 30 ಮಿಲಿಮೀಟರ್ ಇಳಿಸಿದರೆ ಚಕ್ರ ಮೇಲೇರಲು ಇರುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಐವರು ಕುಳಿತು, ಊರಿಂದ ಬರುವಾಗ ಡಿಕ್ಕಿಯಲ್ಲಿ ಜೋಳದ ಚೀಲವನ್ನೂ ಇಟ್ಟರೆ, ಸಣ್ಣ ಹಳ್ಳಕ್ಕೂ ಸಸ್ಪೆನ್ಷನ್ ಕೊನೆಯ ರಬ್ಬರಿಗೆ ತಾಗಿ ಹೊಡೆತ ನೇರವಾಗಿ ಬೆನ್ನಿಗೆ ಬರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಬೀಡ ದಾಟಿದ ಮೇಲೆ ಹಳ್ಳಿಗಳ ಮುಂದಿರುವ ಉಬ್ಬುಗಳನ್ನು ಕಟ್ಟಿದವರು ಆ ಪುಸ್ತಕ ಓದಿದಂತೆ ಕಾಣುವುದಿಲ್ಲ. ಮೇಲಾಗಿ ಆರ್‌ಎಸ್ ಮಾದರಿ ಸಾಮಾನ್ಯ ಆಕ್ಟೇವಿಯಾಗಿಂತ ಮೊದಲೇ ತಗ್ಗಿನದು.

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯದಲ್ಲಿ ಮೊದಲ ಹಣ ಟಯರಿಗೆ ಸಲ್ಲಬೇಕು. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಬಳಿಕ ರಬ್ಬರ್ ಬುಷ್‌ಗಳು ಮತ್ತು ಸ್ಟ್ರಟ್ಟಿನ ಮೇಲಿನ ಮೌಂಟ್‌ಗಳನ್ನು ಪರೀಕ್ಷಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಹಳೆಯ ಕಾರು ‘ತೇಲುತ್ತದೆ’ ಎಂಬ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ಆಮೇಲೂ ಅತೃಪ್ತಿ ಉಳಿದರೆ ಮೂಲ ಎತ್ತರದ ಸ್ಪ್ರಿಂಗ್ ಇಟ್ಟುಕೊಂಡು, ಒಳ್ಳೆಯ ಗುಣಮಟ್ಟದ ಹೊಸ ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಜೋಡಿಯಾಗಿ ಹಾಕಿಸುವುದು ಕುಟುಂಬದ ಕಾರಿಗೆ ತಕ್ಕ ಸುಧಾರಣೆ.

ತಿರುವಿನಲ್ಲಿ ವಾಲುವುದನ್ನು ತಗ್ಗಿಸಲು ದಪ್ಪನೆಯ ಆಂಟಿ ರೋಲ್ ಬಾರ್ ಹಾಕುವವರಿದ್ದಾರೆ. ಎಡಬಲ ಚಕ್ರಗಳನ್ನು ಬೆಸೆಯುವ ಉಕ್ಕಿನ ಸರಳು ಅದು. ಮುಂಚಕ್ರ ಚಾಲನೆಯ ಆಕ್ಟೇವಿಯಾದ ಹಿಂಭಾಗಕ್ಕೆ ಮಿತವಾಗಿ ಹಾಕಿದರೆ ಕಾರು ಚುರುಕಾಗಿ ತಿರುಗುತ್ತದೆ. ಹಿಂಚಕ್ರ ಚಾಲನೆಯ ಮಸ್ಟಾಂಗಿನಲ್ಲಿ ಅದೇ ಕೆಲಸ ಅತಿಯಾದರೆ ಮಳೆಯಲ್ಲಿ ಬಾಲ ಜಾರುತ್ತದೆ. ಅಮೆರಿಕದವರ ಸಲಹೆಯನ್ನು ಇಲ್ಲಿಗೆ ಹಾಗೆಯೇ ತರುವುದು ಸಲ್ಲ. ಎತ್ತರವನ್ನೂ ಬಿಗಿಯನ್ನೂ ಹೊಂದಿಸಬಹುದಾದ ಕಾಯಿಲೋವರ್ ಜೋಡಿ ದುಬಾರಿ. ಅದನ್ನು ಹೊಂದಿಸಬಲ್ಲ ಕೈ ಹತ್ತಿರದಲ್ಲಿಲ್ಲದಿದ್ದರೆ ಬೇಡವೆನ್ನುತ್ತೇವೆ.

ಇನ್ನು ಕಾನೂನಿನ ಮಾತು. ಮೂಲ ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಸವೆದ ಶಾಕ್ ಅಬ್ಸಾರ್ಬರನ್ನು ಅದೇ ಅಳತೆಯದಕ್ಕೆ ಬದಲಿಸುವುದು ದುರಸ್ತಿ. ಕಾರಿನ ಎತ್ತರ ಬದಲಿಸಿದರೆ ಪ್ರಶ್ನೆ ಏಳಬಹುದು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೆ ಅಡ್ಡ ಬರುವ ಸಂಭವವಿದೆ. ಸಾಲ ತೀರುವವರೆಗೆ ಕಾರು ಬ್ಯಾಂಕಿನ ಹೈಪಾಥಿಕೇಶನ್ನಿನಲ್ಲಿರುತ್ತದೆ ಎಂಬುದನ್ನು ನಮ್ಮ ವೃತ್ತಿಯವರು ಹೇಳಲೇಬೇಕು. ಕರಾರುಪತ್ರದ ಷರತ್ತುಗಳನ್ನು ಒಮ್ಮೆ ತೆಗೆದು ನೋಡಿರಿ.

ಮೇಲೆ ಹೇಳಿದ ಮನೆಯಲ್ಲಿ ಕೊನೆಗೆ ಟಯರು, ಬುಷ್, ನಾಲ್ಕು ಹೊಸ ಶಾಕ್ ಅಬ್ಸಾರ್ಬರ್‌ಗಳಿಗೆ ಒಪ್ಪಂದವಾಯಿತು. ಎತ್ತರ ಇದ್ದಂತೆಯೇ ಉಳಿಯಿತು. ಪರೀಕ್ಷೆಗೆಂದು ನಮ್ಮ ಜಿಲ್ಲೆಯ ಕನ್ನಡ ಎಂಬ ತಾಲ್ಲೂಕಿನ ಊರನ್ನು ದಾಟಿ (ಹೆಸರಿಗೆ ನಾವು ಕಾರಣರಲ್ಲ) ಔಟ್ರಮ್ ಘಾಟಿಗೆ ಹೋಗಿದ್ದರಂತೆ. ಮುಂದಿನ ಸೀಟಿನಲ್ಲಿ ಸ್ನೇಹಿತನಲ್ಲ, ಹಿಂದಿನ ಸೀಟಿನಲ್ಲಿ ಅಜ್ಜಿ ಕುಳಿತಿರಬೇಕೆಂಬುದು ತಂದೆಯ ಷರತ್ತಾಗಿತ್ತು. ಘಾಟಿನಿಂದ ಇಳಿಯುವಾಗ ಆಕೆ ನಿದ್ದೆ ಹೋಗಿದ್ದರೆಂದು ಮಗ ನಮಗೆ ಹೇಳಿದನು.